ಥೈರಾಯ್ಡ್ ಮಾತ್ರೆ ತಗೊಳ್ಳುವವರು ಈಸ್ಟ್ರೋಜನ್ ಶುರು ಮಾಡಿದರೆ

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಮಾತ್ರೆ ಅಂದರೆ ಎಲ್ಲರೂ ಮೊದಲು ಕೇಳುವುದು ಕ್ಯಾನ್ಸರ್ ಬರುತ್ತಾ ಅಂತ. ಥೈರಾಯ್ಡ್ ಬಗ್ಗೆ ಯಾರೂ ಕೇಳುವುದಿಲ್ಲ. ತೀರ್ಥಹಳ್ಳಿಯ ನಮ್ಮ ಅತ್ತಿಗೆಯೂ ಕೇಳಲಿಲ್ಲ.

ಮಳೆಗಾಲದ ರಾತ್ರಿ ಮನೆಯವರೆಲ್ಲ ಕಂಬಳಿ ಹೊದ್ದಿದ್ದರೆ ಇವರಿಗೆ ಮಾತ್ರ ಫ್ಯಾನ್ ಬೇಕಿತ್ತು. ಶಿವಮೊಗ್ಗದ ಡಾಕ್ಟರ್ ಈಸ್ಟ್ರೋಜನ್ ಬರೆದುಕೊಟ್ಟರು, ಗರ್ಭಕೋಶ ಇರುವುದರಿಂದ ಜೊತೆಗೆ ಪ್ರೊಜೆಸ್ಟರಾನ್ ಕೂಡ, ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಸೆಕೆ ಇಳಿಯಿತು. ಆದರೆ ಅಡಿಕೆ ಸುಲಿಯುವ ಹೊತ್ತಿಗೆ ಮೆಟ್ಟುಗತ್ತಿ ಮುಂದೆ ಕೂತಲ್ಲೇ ತೂಕಡಿಕೆ, ಮೈಯೆಲ್ಲ ಭಾರ, ಎಲ್ಲರಿಗಿಂತ ಮೊದಲು ಸ್ವೆಟರ್! ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಏರಿದೆ, ಅಂದರೆ ಮೈಗೆ ಥೈರಾಯ್ಡ್ ಹಾರ್ಮೋನ್ ಸಾಲುತ್ತಿಲ್ಲ ಅಂತ. ದಿನಾ ಖಾಲಿ ಹೊಟ್ಟೆಗೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ತಪ್ಪದೇ ತಗೊಳ್ಳುವವರು ಅವರು.

ನುಂಗಿದ ಈಸ್ಟ್ರೋಜನ್ ಮೊದಲು ಹೋಗುವುದು ಲಿವರ್‌ಗೆ. ಅಲ್ಲಿ ಅದು ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಜಾಸ್ತಿ ಮಾಡಿಸುತ್ತದೆ. ಹಿಡಿದಿಟ್ಟಿದ್ದು ಕೆಲಸಕ್ಕೆ ಬರಲ್ಲ. ಗ್ರಂಥಿ ಸರಿಯಿದ್ದವರಲ್ಲಿ ಅದು ಇನ್ನಷ್ಟು ಹಾರ್ಮೋನ್ ತಯಾರಿಸಿ ಸರಿದೂಗಿಸಿಕೊಳ್ಳುತ್ತದೆ, ಮಾತ್ರೆಯನ್ನೇ ನಂಬಿದವರು ಎಲ್ಲಿಂದ ತರಬೇಕು? ಹಾಗಾಗಿ ಕೆಲವರಿಗೆ ಡೋಸ್ ಏರಿಸಬೇಕಾಗುತ್ತದೆ. ಈಸ್ಟ್ರೋಜನ್ ಶುರು ಮಾಡಿದ 6ರಿಂದ 12 ವಾರದೊಳಗೆ ಟಿಎಸ್‌ಎಚ್ ಇನ್ನೊಮ್ಮೆ ಮಾಡಿಸಿ. ಹೆಂಗಸರಲ್ಲೂ ಸ್ವಲ್ಪ ಇರುವ ಟೆಸ್ಟೋಸ್ಟಿರಾನ್ ಹಾರ್ಮೋನಿನ ಕಥೆಯೂ ಹೆಚ್ಚುಕಮ್ಮಿ ಇದೇ: ಅದನ್ನು ಹಿಡಿದಿಡುವ ಪ್ರೋಟೀನೂ ಏರುತ್ತದೆ, ಬಿಡಿಯಾಗಿ ಸಿಗುವುದು ಕಮ್ಮಿಯಾಗುತ್ತದೆ.

ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚ್ ನೇರವಾಗಿ ರಕ್ತಕ್ಕೆ ಸೇರುವುದರಿಂದ ಲಿವರ್ ಮೇಲೆ ಈ ಪರಿಣಾಮ ಅಷ್ಟಾಗಿ ಇಲ್ಲ. ಎಸ್ಟ್ರಡಿಯಾಲ್ ಅನ್ನೋ ಈಸ್ಟ್ರೋಜನ್ ಮಾತ್ರೆ ನುಂಗಿದರೆ ಬಹುಪಾಲು ಎಸ್ಟ್ರೋನ್ ಅನ್ನೋ ಕಮ್ಮಿ ಶಕ್ತಿಯ ಈಸ್ಟ್ರೋಜನ್ ಆಗಿಬಿಡುತ್ತದೆ, ರಕ್ತದಲ್ಲಿ ಅದೇ ಎಸ್ಟ್ರಡಿಯಾಲ್‌ಗಿಂತ ನಾಲ್ಕೈದು ಪಟ್ಟು. ಜೆಲ್ ಹಚ್ಚಿದವರಲ್ಲಿ ಎರಡೂ ಹತ್ತಿರ ಹತ್ತಿರ ಸಮ.

ಅತ್ತಿಗೆಗೆ ಇನ್ನೊಂದು ತಲೆಬಿಸಿ, ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಕೆಲಸ ಮಾಡು ಅಂತ ಹೇಳುವ, ಮುಟ್ಟು ನಿಂತ ಮೇಲೆ ಏರುವ ಹಾರ್ಮೋನ್) ಇನ್ನೂ ಜಾಸ್ತಿ ತೋರಿಸ್ತಿದೆಯಲ್ಲ ಅಂತ. ಈಸ್ಟ್ರೋಜನ್ ತಗೊಂಡರೆ ಅದು ಸ್ವಲ್ಪ ಇಳಿಯುತ್ತದೆ ಅಷ್ಟೇ, ಮುಟ್ಟು ನಿಲ್ಲುವ ಮೊದಲಿನ ಮಟ್ಟಕ್ಕೆ ಸಾಮಾನ್ಯವಾಗಿ ಬರಲ್ಲ. ಅಂಡಾಶಯದಿಂದ ಬರುತ್ತಿದ್ದ ಇನ್ಹಿಬಿನ್ ಅನ್ನೋ ಹಾರ್ಮೋನೂ ಅದಕ್ಕೆ ಕಡಿವಾಣ ಹಾಕುತ್ತಿತ್ತು, ಈಗ ಅದಿಲ್ಲ. ಆ ನಂಬರ್ ನೋಡಿ ಈಸ್ಟ್ರೋಜನ್ ಡೋಸ್ ಏರಿಸುವುದಿಲ್ಲ, ಸೆಕೆ, ನಿದ್ದೆ ಹೇಗಿದೆ ಅಂತ ನೋಡುತ್ತಾರೆ. ಎಫ್‌ಎಸ್‌ಎಚ್‌ಗಾಗಿ ಸುಮ್ನೆ ಪದೇ ಪದೇ ಲ್ಯಾಬಿಗೆ ದುಡ್ಡು ಸುರಿಯಬೇಡಿ.

ಈಸ್ಟ್ರೋಜನ್ ಮಾತ್ರೆ ಬಿಟ್ಟು ಜೆಲ್‌ಗೆ ಬದಲಾಯಿಸಿದರೆ ಆಗಲೂ ಟಿಎಸ್‌ಎಚ್ ನೋಡಿಸಬೇಕು, ಏರಿಸಿದ ಥೈರಾಕ್ಸಿನ್ ಆಗ ಹೆಚ್ಚಾಗಿಬಿಡಬಹುದು. ಮತ್ತೆ, ಜೆಲ್ ಹಚ್ಚಿದ ಕೈ ತೊಳೆಯದೆ, ಹಚ್ಚಿದ ಜಾಗ ಒಣಗಿ ಬಟ್ಟೆ ಮುಚ್ಚುವ ಮೊದಲು ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಡಿ, ಅವರ ಮೈಗೂ ಅಂಟುತ್ತದೆ.