ಬೆಲ್‌ಗ್ರೇಡ್‌ನಿಂದ ಸರಯೇವೊಗೆ ರೈಲಿಲ್ಲ: ಬಾಲ್ಕನ್ ಬಸ್ಸುಗಳ ಲೆಕ್ಕಾಚಾರ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟವರು ರೈಲಿನ ವೇಳೆ ಕೇಳುವುದು ಅಪರೂಪ. ಹಳಿ ಚಿಕ್ಕಜಾಜೂರಿನ ಮೇಲೆ ಬಳಸಿಕೊಂಡು ಹೋಗುತ್ತದೆ, ಬಸ್ಸು ಹೆದ್ದಾರಿ ಹಿಡಿದು ಸುಮಾರು 60 ಕಿ.ಮೀ. ನೆಟ್ಟಗೆ ಓಡುತ್ತದೆ. ಆಗ್ನೇಯ ಯುರೋಪಿನ ಬಾಲ್ಕನ್ ಕಡೆ ಪ್ರವಾಸ ಹೊರಡುವಾಗಲೂ ಇದೇ ಲೆಕ್ಕ ಹಾಕಿ. ಯುರೋಪ್ ಅಂದಮೇಲೆ ಊರೂರಿಗೂ ರೈಲು ಇದ್ದೇ ಇರುತ್ತದೆ ಎಂದು ನಂಬಿ ಹೋಟೆಲ್ ಕಾದಿರಿಸಿದರೆ ಕೆಟ್ಟಿರಿ.

ಸರ್ಬಿಯಾದ ಬೆಲ್‌ಗ್ರೇಡ್‌ನಿಂದ ಬೋಸ್ನಿಯಾದ ಸರಯೇವೊಗೆ ಇದ್ದ ರೈಲು 2012ರಲ್ಲೇ ನಿಂತಿತು. ಕ್ರೊಯೇಷಿಯಾದ ಜಾಗ್ರೆಬ್‌ನಿಂದ ಸರಯೇವೊಗೆ ಇದ್ದ ರೈಲು 2016ರಲ್ಲಿ ನಿಂತಿತು. ಬಲ್ಗೇರಿಯಾದ ಸೋಫಿಯಾ, ಉತ್ತರ ಮ್ಯಾಸಿಡೋನಿಯಾದ ಸ್ಕೋಪಿಯೆ ನಡುವೆಯಂತೂ ಹಳಿಯೇ ಪೂರ್ತಿಯಾಗಿಲ್ಲ. ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಇದ್ದ ನ್ಯಾರೋಗೇಜ್ 1976ರಲ್ಲಿ ಮುಚ್ಚಿತು. ಎಲ್ಲ ಕಡೆಯೂ ಬಸ್ಸೇ ಗತಿ.

ಬೆಲ್‌ಗ್ರೇಡ್‌ನಿಂದ ಸರಯೇವೊಗೆ ಏಳೆಂಟು ಗಂಟೆ ಹಿಡಿಯುತ್ತದೆ. ಹೊರಡುವ ಮೊದಲು ಎರಡು ಸಂಗತಿ ಗೊತ್ತಿರಲಿ. ಬೆಲ್‌ಗ್ರೇಡ್‌ನ ಮುಖ್ಯ ಬಸ್ ನಿಲ್ದಾಣ 2024ರಲ್ಲಿ ನದಿಯಾಚೆಯ ನ್ಯೂ ಬೆಲ್‌ಗ್ರೇಡ್‌ಗೆ ಸ್ಥಳಾಂತರವಾಗಿದೆ, ಹಳೇ ಗೈಡ್ ಪುಸ್ತಕ ನಂಬಿ ಹೋದರೆ ಬಸ್ ತಪ್ಪುತ್ತದೆ. ಇನ್ನು ಸರಯೇವೊಗೆ ಎರಡು ನಿಲ್ದಾಣ: ಒಂದು ಊರೊಳಗೆ ರೈಲ್ವೆ ಸ್ಟೇಷನ್ ಪಕ್ಕದಲ್ಲಿ, ಇನ್ನೊಂದು ಊರಾಚೆ. ಬೆಲ್‌ಗ್ರೇಡ್ ಬಸ್ಸುಗಳಲ್ಲಿ ಬಹಳಷ್ಟು ಊರಾಚೆಯದಕ್ಕೇ ಹೋಗುತ್ತವೆ. ಟಿಕೆಟ್ ಮೇಲೆ 'ಇಸ್ತೋಚ್ನೊ ಸರಯೇವೊ' ಎಂದಿದ್ದರೆ ಅದೇ. ಇಳಿದು ಸ್ವಲ್ಪ ನಡೆದರೆ ದೊಬ್ರಿನ್ಯಾ ಬಡಾವಣೆ; ಅಲ್ಲಿಂದ 103ನೇ ಟ್ರಾಲಿಬಸ್ ಊರೊಳಗೆ ಬಿಡುತ್ತದೆ.

ರೈಲಿನ ಆಸೆ ಇದ್ದೇ ಇದೆ ಅನ್ನುವವರಿಗೆ ಬೆಲ್‌ಗ್ರೇಡ್‌ನಿಂದ ಮಾಂಟೆನೆಗ್ರೊದ ಬಾರ್‌ಗೆ ಹೋಗುವ ಮಾರ್ಗವಿದೆ. 1976ರಲ್ಲಿ ಪೂರ್ತಿಯಾದ 476 ಕಿ.ಮೀ. ಹಳಿ, 254 ಸುರಂಗ. ನಿಧಾನ, ತಡವೂ ಮಾಮೂಲು, ಆದರೂ ಹತ್ತಲೇಬೇಕಾದ ರೈಲು. ಅಲ್ಬೇನಿಯಾದ ಟಿರಾನಾಕ್ಕೆ ಹೋಗುವವರು ಮಾತ್ರ ಬಾರ್‌ವರೆಗೂ ಹೋಗದೆ ಪೊಡ್ಗೊರಿಕಾದಲ್ಲೇ ಇಳಿಯುವುದು ಜಾಣತನ. ಅಲ್ಲಿ ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡೇ ಬಸ್ ನಿಲ್ದಾಣವಿದೆ. ಅಲ್ಲಿಂದ ಅಲ್ಬೇನಿಯಾದ ಶ್ಕೋದ್ರಕ್ಕೆ ಹಳಿ ಇದೆ, ಆದರೆ ಗೂಡ್ಸ್ ಗಾಡಿಗೆ ಮಾತ್ರ. ಮನುಷ್ಯರು ಬಸ್ ಹಿಡಿಯಬೇಕು.

ದೂರ ಎಷ್ಟಾದರೂ ಇರಲಿ, ಪ್ರಯಾಣ ಕೆಡುವುದು ಗಡಿಯಲ್ಲಿ. ನಮ್ಮ ಪಾಸ್‌ಪೋರ್ಟಿನವರ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಹಲವು ಬಾರಿ ಪ್ರವೇಶದ್ದೇ ಆಗಿರಬೇಕು. ಏಕೆಂದರೆ ಕ್ರೊಯೇಷಿಯಾ 2023ರಿಂದ ಷೆಂಗೆನ್ ಒಳಗೆ, ಬೋಸ್ನಿಯಾ ಹೊರಗೆ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಒಮ್ಮೆ ಬೋಸ್ನಿಯಾ ಗಡಿ ದಾಟಿದರೆ ಮರಳಿ ಕ್ರೊಯೇಷಿಯಾಕ್ಕೆ ಬಿಡುವುದಿಲ್ಲ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ, ಅಂದರೆ ಒಂದೇ ದೇಶದೊಳಗೆ, ಹೋಗುವಾಗಲೂ ಈ ಬಲೆ ಇದೆ: ಹಳೇ ದಾರಿ ನೆಯುಮ್ ಎಂಬಲ್ಲಿ ಬೋಸ್ನಿಯಾದ ತುಣುಕೊಂದನ್ನು ಹಾದು ಹೋಗುತ್ತದೆ. 2022ರಲ್ಲಿ ತೆರೆದ ಪೆಲ್ಯೆಶಾತ್ಸ್ ಸೇತುವೆ ಇದನ್ನು ತಪ್ಪಿಸುತ್ತದೆ. ನಿಮ್ಮ ಬಸ್ಸು ಯಾವ ದಾರಿಯದು ಎಂದು ಕೌಂಟರಿನಲ್ಲಿ ಕೇಳಿಯೇ ಟಿಕೆಟ್ ತೆಗೆದುಕೊಳ್ಳಿ. ಷೆಂಗೆನ್ ಹೊರಗಿನ ದೇಶಗಳ ವೀಸಾ ನಿಯಮ ಒಂದೊಂದಕ್ಕೂ ಬೇರೆ, ಆಯಾ ರಾಯಭಾರ ಕಚೇರಿಯ ಜಾಲತಾಣದಲ್ಲೇ ನೋಡಿ.

ಕೊಸೊವೊ ವಿಷಯದಲ್ಲಿ ದಿಕ್ಕು ಮುಖ್ಯ. ಸರ್ಬಿಯಾದಿಂದ ಕೊಸೊವೊದ ಪ್ರಿಷ್ಟಿನಾ, ಅಲ್ಲಿಂದ ಸ್ಕೋಪಿಯೆ ಎಂದು ಇಳಿದರೆ ತೊಂದರೆಯಿಲ್ಲ. ಸ್ಕೋಪಿಯೆಯಿಂದಲೋ ಟಿರಾನಾದಿಂದಲೋ ಕೊಸೊವೊ ಹೊಕ್ಕು ನೇರ ಸರ್ಬಿಯಾಕ್ಕೆ ಹೋದರೆ ಗಡಿಯಿಂದಲೇ ವಾಪಸ್ ಕಳಿಸಬಹುದು. ಕೊಸೊವೊ ತನ್ನದೇ ನೆಲವೆಂದು ಸರ್ಬಿಯಾದ ವಾದ, ಹಾಗಾಗಿ ಅದರ ಲೆಕ್ಕದಲ್ಲಿ ನೀವು ಪ್ರವೇಶದ ಮುದ್ರೆ ಇಲ್ಲದೆ ಒಳಬಂದವರು.

ಸ್ಕೋಪಿಯೆಯಿಂದ ಸೋಫಿಯಾಕ್ಕೆ ಹೋಗುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ. ಅಲ್ಲಿಂದ ಮುಂದಿನ ಬಸ್ಸಿಗೆ ಸಮಯ ಕೂಡಿಸುವಾಗ ಇದನ್ನು ಮರೆಯುವವರೇ ಹೆಚ್ಚು.

ಚಿಲ್ಲರೆ ಕೈಯಲ್ಲಿರಲಿ. ಡಿಕ್ಕಿಗೆ ಹಾಕುವ ಒಂದೊಂದು ಬ್ಯಾಗಿಗೂ ಒಂದೆರಡು ಯೂರೋದಷ್ಟು ದುಡ್ಡು ಬೇರೆ ಕೇಳುತ್ತಾರೆ, ನೋಟು ಕೊಟ್ಟರೆ ಮುಖ ಗಂಟಿಕ್ಕುತ್ತಾರೆ. ಸರ್ಬಿಯಾದಲ್ಲಿ ಪ್ಲಾಟ್‌ಫಾರಂ ಚೀಟಿ ಬೇರೆ ಬೇಕಾಗಬಹುದು.

ದಾರಿಯಲ್ಲಿ ಬಸ್ಸು ನಿಲ್ಲಿಸುವ ಹೋಟೆಲುಗಳಲ್ಲಿ ಸುಟ್ಟ ಮಾಂಸವೇ ಹೆಚ್ಚು. ಸಸ್ಯಾಹಾರಿಗಳು ಹತ್ತುವ ಮೊದಲೇ ಬೇಕರಿಗೆ ಹೋಗಿ ಬನ್ನಿ. ಬುರೆಕ್ ಎಂಬುದು ತೆಳು ಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿ ಬೇಯಿಸಿದ ತಿಂಡಿ, ಬೋಸ್ನಿಯಾದಲ್ಲಿ ಹಾಗೆಂದರೆ ಮಾಂಸ ತುಂಬಿದ್ದೇ. ಗಿಣ್ಣಿನದಕ್ಕೆ ಸಿರ್ನಿತ್ಸಾ, ಆಲೂಗಡ್ಡೆಯದಕ್ಕೆ ಕ್ರೊಂಪಿರುಶಾ, ಪಾಲಕ್‌ನದಕ್ಕೆ ಝೆಲ್ಯಾನಿತ್ಸಾ ಎಂದು ಹೆಸರು ಹಿಡಿದೇ ಕೇಳಿ.