ತಂತಿ ಇಲ್ಲದ ನೆಟ್‌ವರ್ಕ್‌ಗೆ ಮೊದಲ ತಂತಿ

ಹಾಸ್ಟೆಲ್‌ಗೆ ಹೊಸ ವೈಫೈ ಆಕ್ಸೆಸ್ ಪಾಯಿಂಟ್‌ಗಳು (ಎಪಿ, ಅಂದರೆ ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಗಳು) ಬಂದಿವೆ. ಸೀಲಿಂಗ್‌ಗೆ ಹಾಕುವ ಮುಂಚೆ ಒಂದೊಂದಕ್ಕೂ ಕನ್ಸೋಲ್ ಕೇಬಲ್ (ಕಂಪ್ಯೂಟರ್‌ನಿಂದ ನೇರವಾಗಿ ಎಪಿಗೆ ಹೋಗುವ ತಂತಿ) ಹಾಕಿ ಸೆಟ್ ಮಾಡುತ್ತಿದ್ದೇನೆ. ಕಂಪ್ಯೂಟರ್‌ನಲ್ಲಿ ಪುಟ್ಟಿ ಅನ್ನೋ ಟರ್ಮಿನಲ್ ಪ್ರೋಗ್ರಾಂ ತೆರೆದು ಸ್ಪೀಡ್ 9600 (ಸೆಕೆಂಡಿಗೆ ಇಷ್ಟು ಬಿಟ್) ಕೊಟ್ಟರೆ ಬೂಟ್ ಆಗುವ ಸಾಲುಗಳು ಇಳಿಯತೊಡಗುತ್ತವೆ. (ಕೆಲವು ಮಾಡೆಲ್‌ಗಳಿಗೆ 115200 ಬೇಕು. ಸ್ಪೀಡ್ ತಪ್ಪಿದರೆ ಬರೀ ಅರ್ಥವಿಲ್ಲದ ಅಕ್ಷರಗಳು.) ಎಪಿಗೆ ಐಪಿ (ನೆಟ್‌ವರ್ಕ್ ವಿಳಾಸ) ಇನ್ನೂ ಸಿಕ್ಕಿಲ್ಲ, ಎಲ್ಲ ಎಪಿಗಳನ್ನೂ ನಿಯಂತ್ರಿಸುವ ಕಂಟ್ರೋಲರ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಆದರೂ ಮಾತಾಡುತ್ತದೆ!

ಕನ್ಸೋಲ್ ಕೇಬಲ್‌ನ ಈ ಸೀರಿಯಲ್ (ಒಂದಾದ ಮೇಲೊಂದು ಬಿಟ್ ಕಳಿಸುವ) ಸಂಪರ್ಕದ ಆರ್‌ಎಸ್-232 ಮಾನದಂಡ 1960ರದು. ವೈಫೈನ ಮೊದಲ ಮಾನದಂಡ 802.11 ಬಂದದ್ದು 1997ರಲ್ಲಿ. ಅಷ್ಟು ಹಳೆಯದು ಇವತ್ತಿಗೂ ಕೈಕೊಡುವುದಿಲ್ಲ ಅನ್ನೋದು ನನಗೆ ನಿಜಕ್ಕೂ ಖುಷಿ.

ಹೊಸದಾಗಿ ಈ ಕೆಲಸಕ್ಕೆ ಬಂದವರೇ, ಎಪಿ ಕಂಟ್ರೋಲರ್‌ಗೆ ಸೇರದಿದ್ದರೆ ಸುಮ್ನೆ ರೀಸೆಟ್ ಒತ್ತಬೇಡಿ. ಕನ್ಸೋಲ್ ಲಾಗ್ ಓದಿ. ಐಪಿ ಸಿಗಲಿಲ್ಲವೋ, ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಪತ್ರ) ತಕರಾರೋ, ಹೆಚ್ಚಾಗಿ ಅಲ್ಲೇ ಕಾಣಿಸುತ್ತದೆ.