ಆನೆಯೋ ಹಂದಿಯೋ

ಇವತ್ತು ಹಳೇಬೀಡಿನಲ್ಲಿ ಆನೆ ಬಿಡಿಸೋಕೆ ಕೂತಿದ್ದೆ. ಗುಡಿ ಗೋಡೆಯ ಕೆಳಗಡೆ ಸಾಲಾಗಿ ಹೋಗ್ತಾವಲ್ಲ, ಅದರಲ್ಲೊಂದು. ಸೊಂಡಿಲಿನ ತಿರುವು ಮಾತ್ರ ಕೈಗೆ ಬರಲೇ ಇಲ್ಲ. ಮೂರು ಸಲ ಅಳಿಸಿದೆ. ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತು ಬೀಳೋದೊಂದು ಬಾಕಿ.

ಸ್ಕೂಲ್ ಟೂರಿಗೆ ಬಂದಿದ್ದ ಹುಡುಗನೊಬ್ಬ ಬಗ್ಗಿ ನೋಡಿದ.

"ಅಕ್ಕಾ, ಹಂದಿನಾ?"

ನಕ್ಕುಬಿಟ್ಟೆ. ಎರಡು ವಾರದಿಂದ ಹಾಗೆ ನಕ್ಕಿರಲಿಲ್ಲ.

ರಾತ್ರಿ ಮೂರಕ್ಕೆ ಎಚ್ಚರಾಗಿ ಫ್ಯಾನ್ ನೋಡ್ತಾ ಬಿದ್ದಿರೋದು ಅಭ್ಯಾಸವೇ ಆಗಿಹೋಗಿತ್ತು. ಸೊಂಡಿಲಿನ ಜೊತೆ ಒದ್ದಾಡುವಾಗ ತಲೆಯೊಳಗಿನ ಆ ಗಿಜಿಗಿಜಿ ಇರಲೇ ಇಲ್ಲ. ಅದು ಗೊತ್ತಾಗಿದ್ದೂ ಹಾಸನದ ಬಸ್ ಹತ್ತಿದ ಮೇಲೆ.

ಬಸ್ಸಿನಲ್ಲಿ ಸುಮ್ನೆ ಮೊಬೈಲ್ ನೋಡ್ತಿದ್ದೆ. 2016ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ ಸಿಕ್ಕಿತು. 39 ಜನರಿಗೆ ಬಣ್ಣ, ಜೇಡಿಮಣ್ಣು ಕೊಟ್ಟು 45 ನಿಮಿಷ ಕೂರಿಸಿದ್ದರು. ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಕಾರ್ಟಿಸಾಲ್, ಅದೇ ಒತ್ತಡದ ಹಾರ್ಮೋನ್, ಇಳಿದಿತ್ತು. ಮೊದಲೇ ಚಿತ್ರ ಬರೆದು ರೂಢಿ ಇದ್ದವರಿಗೇ ಜಾಸ್ತಿ ಇಳಿಯಿತು ಅಂತೇನೂ ಇಲ್ಲ. ನನ್ನಂಥವರಿಗೆ ಅದೇ ದೊಡ್ಡ ಸಮಾಧಾನ ಅಲ್ವಾ!

ಮನೆಗೆ ಬಂದು ಫ್ರಿಜ್ ಮೇಲೆ ಅಂಟಿಸಿದೆ.

ಅಮ್ಮ ಕನ್ನಡಕ ಹಾಕ್ಕೊಂಡು ನೋಡಿದರು. "ಎಮ್ಮೆ ಚೆನ್ನಾಗಿದೆ ಕಣೆ."